ಸ್ಪಷ್ಟನೆ: ವಿಶ್ವಸಂಸ್ಥೆಯಲ್ಲಿ ಮ್ಯಾನ್ಮಾರ್‌ನ ಆಸನದ ಕುರಿತು

‘ವಿಶ್ವಸಂಸ್ಥೆಯು ಮ್ಯಾನ್ಮಾರ್‌ನ ಸೇನಾಡಳಿತವನ್ನು ತಿರಸ್ಕರಿಸಿ, ರಾಷ್ಟ್ರೀಯ ಏಕತಾ ಸರ್ಕಾರಕ್ಕೆ ಮಾನ್ಯತೆ ನೀಡಿದೆ’ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ, ಸೇನಾ ದಂಗೆಯ ವಿರೋಧಿಗಳು ರಚಿಸಿಕೊಂಡ ಈ ಪರ್ಯಾಯ ಸರ್ಕಾರಕ್ಕೆ ವಿಶ್ವಸಂಸ್ಥೆ ಅಂಥ ಮಾನ್ಯತೆ ನೀಡಿಲ್ಲ.

ಸಂದೇಶದ ಜೊತೆಗಿರುವ, ಪ್ರತಿಭಟನೆಯ ಸಂಕೇತವಾಗಿ ಮೂರು ಬೆರಳೆತ್ತಿ ನಿಂತ, ವಿಶ್ವಸಂಸ್ಥೆಯಲ್ಲಿನ ಮ್ಯಾನ್ಮಾರ್ ರಾಯಭಾರಿಯ ಚಿತ್ರ ಮಾತ್ರ ನಿಜವಾದದ್ದೇ. ಆಂಗ್ ಸಾನ್ ಸೂ ಕಿ ನೇತೃತ್ವದ ಚುನಾಯಿತ ಸರ್ಕಾರ ನೇಮಿಸಿದ್ದ ಈ ರಾಯಭಾರಿ ಕ್ಯಾವ್ ಮೋ ಟುನ್, 2021ರ ಫೆಬ್ರುವರಿ 1ರ ಸೇನಾ ದಂಗೆಯನ್ನು ಅದೇ ತಿಂಗಳ 26ರಂದು ಮಹಾಸಭೆಯಲ್ಲಿ ಖಂಡಿಸಿದರು. ಮರುದಿನವೇ ಸೇನೆ ಅವರನ್ನು ವಜಾ ಮಾಡಿತು. ಏಕತಾ ಸರ್ಕಾರ ರಚನೆಯಾದದ್ದು ಆ ಬಳಿಕ, ಏಪ್ರಿಲ್‌ನಲ್ಲಿ. ಅದು ಅವರನ್ನೇ ತನ್ನ ಪ್ರತಿನಿಧಿ ಎಂದಿತು, ಸೇನೆ ಬೇರೊಬ್ಬರ ಹೆಸರು ಕಳುಹಿಸಿತು.

ಇಬ್ಬರ ಅಧಿಕಾರಪತ್ರಗಳನ್ನೂ (ದೇಶದ ಪ್ರತಿನಿಧಿ ಯಾರೆಂದು ತಿಳಿಸುವ ಪತ್ರಗಳು) ಪರಿಶೀಲಿಸಬೇಕಿದ್ದ, ಮಹಾಸಭೆಯ ಒಂಬತ್ತು ಸದಸ್ಯ ರಾಷ್ಟ್ರಗಳ ಸಮಿತಿಯು 2021ರ ಡಿಸೆಂಬರ್‌ನಲ್ಲಿ ಯಾರ ಪರವಾಗಿಯೂ ತೀರ್ಮಾನಿಸದೆ ವಿಷಯವನ್ನು ಮುಂದೂಡಿತು. ನಂತರದ ವರ್ಷಗಳಲ್ಲೂ ಮುಂದೂಡಿಕೆಯೇ ನಡೆದಿದ್ದರಿಂದ, ಮೊದಲೇ ಆಸನದಲ್ಲಿದ್ದ ಕ್ಯಾವ್ ಮೋ ಟುನ್ ಅಲ್ಲಿಯೇ ಮುಂದುವರಿದರು. ಅಂದರೆ ಅವರು ಕುಳಿತಿರುವುದು ಹೊಸ ಮಾನ್ಯತೆಯ ಬಲದಿಂದಲ್ಲ, ತೀರ್ಮಾನವೇ ಆಗದ ಕಾರಣದಿಂದ. ಬಾಗಿಲು ಮುಚ್ಚಿ ನಡೆಯುವ ಈ ಸಮಿತಿಯ ಸಭೆಗಳು ಇನ್ನಷ್ಟು ಪಾರದರ್ಶಕವಾಗಿದ್ದರೆ ಇಂಥ ಗೊಂದಲ ಕಡಿಮೆಯಾಗುತ್ತಿತ್ತೇನೋ.

ಎಲ್ಲ ಸಂಸ್ಥೆಗಳಲ್ಲೂ ಇದೇ ಸ್ಥಿತಿ ಎಂದೂ ಭಾವಿಸಬಾರದು. ರೋಹಿಂಗ್ಯಾ ನರಮೇಧದ ಆರೋಪ ಕುರಿತು ಗ್ಯಾಂಬಿಯಾ ಹೂಡಿದ ಮೊಕದ್ದಮೆಯಲ್ಲಿ, 2022ರ ಫೆಬ್ರುವರಿಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಮ್ಯಾನ್ಮಾರ್ ಪರವಾಗಿ ಹಾಜರಾದದ್ದು ಸೇನಾಡಳಿತ ಕಳುಹಿಸಿದ ತಂಡ.

ಆದ್ದರಿಂದ ಈ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ; ಈಗಾಗಲೇ ಹಂಚಿಕೊಂಡಿದ್ದರೆ, ಅದೇ ಗುಂಪಿನಲ್ಲಿ ಈ ಸ್ಪಷ್ಟನೆಯನ್ನೂ ಹಾಕಿ.