ಜಗತ್ತಿನ ಕೊನೆಯ ಟೈಪ್‌ರೈಟರ್ ಗೋದ್ರೆಜ್‌ನದಲ್ಲ

“ಜಗತ್ತಿನ ಕೊನೆಯ ಟೈಪ್‌ರೈಟರ್ ಕಾರ್ಖಾನೆ ಗೋದ್ರೆಜ್‌ನದು, 2011ರಲ್ಲಿ ಮುಚ್ಚಿತು. ಹಾಗಾಗಿ ಅದರ ‘ಪ್ರೈಮಾ’ ಮಾದರಿಯ ಟೈಪ್‌ರೈಟರ್ ಬಲು ಅಪರೂಪ” ಎಂಬ ಮಾತು ಹಳೇ ಯಂತ್ರ ಮಾರುವವರ ಬಾಯಲ್ಲಿ ಇನ್ನೂ ಓಡಾಡುತ್ತಿದೆ. ಇದು ಸರಿಯಲ್ಲ.

1955ರಲ್ಲಿ ಶುರುವಾದ ಗೋದ್ರೆಜ್ ತಯಾರಿಕೆ 2009ರಲ್ಲೇ ನಿಂತಿತ್ತು. 2011ರ ಏಪ್ರಿಲ್‌ನಲ್ಲಿ ಹಬ್ಬಿದ್ದು ಸುದ್ದಿಯಷ್ಟೇ. ಅದಾದ ಮೇಲೂ ಬ್ರದರ್ ಕಂಪನಿ ಬ್ರಿಟನ್ನಿನ ರೆಕ್ಸಮ್‌ನಲ್ಲಿ 2012ರ ನವೆಂಬರ್‌ವರೆಗೆ ವಿದ್ಯುತ್ ಟೈಪ್‌ರೈಟರ್ ಮಾಡಿ, ಕೊನೆಯದನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಂಗೆ ಕೊಟ್ಟಿತು. ಅಮೆರಿಕದ ಸ್ವಿಂಟೆಕ್ ಅಂತೂ ಜೈಲುಗಳಿಗೆಂದೇ ಪಾರದರ್ಶಕ ಕವಚದ ಯಂತ್ರ ಮಾರುತ್ತಿತ್ತು (ಒಳಗೆ ಏನನ್ನೂ ಬಚ್ಚಿಡಬಾರದಲ್ಲ!).

ಪ್ರೈಮಾ ಕಚೇರಿ, ಕೋರ್ಟು, ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳಲ್ಲಿ ದುಡಿದ ಸಾಮಾನ್ಯ ಯಂತ್ರ. ‘ಕೊನೆಯದು’ ಎಂಬ ಮಾತಿಗೆ ದುಡ್ಡು ಸುರಿಯಬೇಡಿ. ರೋಲರಿನ ರಬ್ಬರ್ ಕಲ್ಲಾಗಿದೆಯೇ, ಅಕ್ಷರದ ಕಡ್ಡಿಗಳು ಸಲೀಸಾಗಿ ಏಳುತ್ತವೆಯೇ ನೋಡಿ ಕೊಂಡುಕೊಳ್ಳಿ.