ಆ ಬ್ರೇಕ್ ಆಫ್ ಮಾಡಬೇಡಿ

ಮುಂದೆ ಡಿಕ್ಕಿಯಾಗುವಂತಿದ್ದರೆ ಕಾರು ತಾನೇ ಹಾಕುವ ಆಟೋಮ್ಯಾಟಿಕ್ ಎಮರ್ಜೆನ್ಸಿ ಬ್ರೇಕ್ ನಮ್ಮ ರಸ್ತೆಗಳಿಗೆ ಹೊಂದುವುದೇ ಇಲ್ಲ, ಆಫ್ ಮಾಡಿಬಿಡಿ ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಪುಣೆಯ ಕೋಥ್ರೂಡ್‌ನಲ್ಲಿ ಬೈಕ್ ಅಡ್ಡ ನುಗ್ಗಿದಾಗ ಕಾರು ಗಕ್ಕನೆ ನಿಂತು, ಹಿಂದಿದ್ದ ರಿಕ್ಷಾದವರಿಂದ ಬೈಸಿಕೊಂಡಿದ್ದೇನೆ, ನಿಜ. ಆದರೆ ಕಳೆದ ಜುಲೈನಲ್ಲಿ ಖಂಡಾಲಾ ಘಾಟ್ ಇಳಿಯುವಾಗ ಜೋರು ಮಳೆ, ಮಂಜು. ಸುಮಾರು 50ರ ವೇಗದಲ್ಲಿದ್ದೆ. ಮುಂದಿನ ಟ್ರಕ್ ದಿಢೀರ್ ನಿಂತಿತು. ನನ್ನ ಕಾಲು ತಲುಪುವ ಮೊದಲೇ ಬೀಪ್ ಬಂತು, ಪೆಡಲ್ ತಾನಾಗಿ ಕೆಳಗಿಳಿಯಿತು. ಬೆಲ್ಟ್ ಒತ್ತಿ ಅಮ್ಮನ ಹೆಗಲ ಮೇಲೆ ಕೆಂಪು ಗೆರೆ ಮೂಡಿತ್ತು, ಅಷ್ಟೇ. ಮುಂದಿನ ವಾಹನ ಗುರುತಿಸಲು ಕಾರಿನಲ್ಲಿರುವ ಕ್ಯಾಮೆರಾಗೆ ಮಂಜಿನಲ್ಲಿ ಕಾಣದ್ದು ರಾಡಾರ್‌ಗೆ ಕಾಣುತ್ತದೆ. ಮಳೆಗಾಲದಲ್ಲಿ ಅದರ ಮೇಲಿನ ಕೆಸರು ಮಾತ್ರ ಒರೆಸುತ್ತಿರಬೇಕು. ಊರೊಳಗೆ ಕಿರಿಕಿರಿ ಜಾಸ್ತಿಯಾದರೆ ಎಚ್ಚರಿಕೆ ತಡವಾಗಿ ಬರುವಂತೆ ಸೆಟಿಂಗ್ ಬದಲಿಸಲು ಹಲವು ಕಾರುಗಳಲ್ಲಿ ಆಗುತ್ತದೆ. ಸುಮ್ನೆ ಪೂರ್ತಿ ಆಫ್ ಮಾಡುವುದು ಯಾಕೆ?