ವಂಶವೃಕ್ಷದಲ್ಲಿ ಮುತ್ತಜ್ಜಿ ಎಲ್ಲಿ?

ಶಿರಸಿ, ಸಿದ್ದಾಪುರದ ಕಡೆ ಈಗ ಮನೆಮನೆಯಲ್ಲೂ ವಂಶವೃಕ್ಷ ಬರೆಸುತ್ತಿದ್ದಾರೆ. ಆರೇಳು ತಲೆಮಾರು, ಚೆಂದ ಫ್ರೇಮ್ ಹಾಕಿಸಿ ಜಗಲಿಯ ಗೋಡೆಗೆ. ನೋಡಿ ಖುಷಿಯಾಗುತ್ತದೆ. ಆದರೆ ಅದರಲ್ಲಿ ಹೆಂಗಸರನ್ನು ಹುಡುಕಿ. ಅಪ್ಪ, ಮಗ, ಮೊಮ್ಮಗ. ಹೆತ್ತವಳ ಹೆಸರೇ ಇಲ್ಲ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ.

ನಾವು ಹುಡುಕಲು ಶುರುಮಾಡುವುದೇ ಜಮೀನಿನ ಕಾಗದದಿಂದ, ಅಲ್ವಾ? ಪಾಲುಪಟ್ಟಿ, ಪಹಣಿ, ಹಕ್ಕು ಬದಲಾವಣೆಯ ರಿಜಿಸ್ಟರ್. ಜಮೀನು ಯಾರ ಹೆಸರಲ್ಲಿತ್ತೋ ಅವರಷ್ಟೇ ಸಿಗುತ್ತಾರೆ. ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಅದೂ ಆಗ ಮದುವೆಯಾಗಿರದವರಿಗೆ. ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಗೇಣಿ ಮಾಡಿದವರ ಪಾಡೂ ಹೀಗೇ. ಅಂಥ ಮನೆಯವರು 1974ರ ಭೂಸುಧಾರಣೆಯ ನಂತರ ಭೂ ನ್ಯಾಯಮಂಡಳಿಗೆ ಗೇಣಿ ಜಮೀನಿನ ಹಕ್ಕು ಕೇಳಿ ಕೊಟ್ಟ 7ನೇ ನಮೂನೆಯ ಅರ್ಜಿಯನ್ನು ಮೊದಲು ನೋಡಬೇಕು.

ನನ್ನ ಮುತ್ತಜ್ಜಿ ಕಾಗದದಲ್ಲಿ ಕಾಣಿಸಿದ್ದು ಒಂದೇ ಕಡೆ. ಮುತ್ತಜ್ಜ ತೀರಿಕೊಂಡ ಮೇಲೆ ತೋಟ ಮಗನ ಹೆಸರಿಗೆ ಬಂತು. ಮಗ ಚಿಕ್ಕವನು. ಹಾಗಾಗಿ ಅವನ ಹೆಸರಿನ ಕೆಳಗೆ 'ಮೈನರ್ ಗಾರ್ಡಿಯನ್ ತಾಯಿ' ಎಂದು ಬರೆದು ಅವಳ ಹೆಸರು. ಶಾಯಿ ಹರಡಿ ಅಕ್ಷರ ದಪ್ಪಗಾಗಿದೆ. ಮಗ ದೊಡ್ಡವನಾದ, ಮುಂದಿನ ದಾಖಲೆಯಲ್ಲಿ ಅವಳಿಲ್ಲ. ಆ ನಡುವಿನ ವರ್ಷಗಳಲ್ಲಿ ಕೊಳೆರೋಗ ಬಂದಾಗ, ಕಂದಾಯ ಕಟ್ಟುವಾಗ ತೋಟ ಉಳಿಸಿದವಳು ಅವಳೇ ತಾನೇ!

ಇನ್ನೊಂದು ತೊಡಕು. ನಮ್ಮ ಕಡೆ ಹಲವು ಮನೆಗಳಲ್ಲಿ ಮದುವೆಯಲ್ಲಿ ಹುಡುಗಿಯ ಹೆಸರು ಬದಲಿಸುತ್ತಿದ್ದರು. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು. ಪಹಣಿ ಹಿಡಿದು ಹೊರಟರೆ ತವರು ಸಿಗುವುದೇ ಇಲ್ಲ.

ದಾರಿ ಇರುವುದು ಮಹಾಲಯದಲ್ಲಿ. ಆ ದಿನ ಭಟ್ಟರು ಗಂಡಸರನ್ನಷ್ಟೇ ಕೇಳುವುದಿಲ್ಲ. ಅಮ್ಮ, ಅಜ್ಜಿ, ಮುತ್ತಜ್ಜಿ, ಅಮ್ಮನ ತವರಿನವರು, ತೀರಿಕೊಂಡ ಅಕ್ಕ ತಂಗಿ, ಸೋದರತ್ತೆ, ಎಲ್ಲರ ಹೆಸರೂ ಬರಬೇಕು. ಅಂದರೆ ಮದುವೆಯಾಗಿ ಹೋದವಳನ್ನು ತವರಿನವರು ಹೆಸರು ಹಿಡಿದು ನೆನೆಯುತ್ತಾರೆ. ಎಷ್ಟೋ ಮನೆಗಳಲ್ಲಿ ಈ ಹೆಸರುಗಳ ಪಟ್ಟಿ ಹಳೇ ನೋಟ್‌ಬುಕ್ಕಿನಲ್ಲೋ ಪಂಚಾಂಗದ ಹಿಂದಿನ ಪುಟದಲ್ಲೋ ಇರುತ್ತದೆ. ಸರಕಾರಿ ಕಾಗದಕ್ಕಿಂತ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ದಯವಿಟ್ಟು ಅದರ ಫೋಟೋ ತೆಗೆದಿಡಿ. ಬರೆದಿಲ್ಲವಾದರೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಬರೆಯಿರಿ.

ಆಮೇಲೆ ಊರಿನ ಕನ್ನಡ ಶಾಲೆಯ ದಾಖಲಾತಿ ರಿಜಿಸ್ಟರ್ ನೋಡಿ. ಓದಿದ ಹುಡುಗಿಯಾದರೆ ಅಪ್ಪನ ಹೆಸರಿನ ಸಮೇತ ಸಿಗುತ್ತಾಳೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸರ್ವೆ ನಂಬರ್ ಗೊತ್ತಿಲ್ಲದಿದ್ದರೂ ಹೆಸರಿನಿಂದ ಹುಡುಕುವ ಸೂಚಿ ಇರುತ್ತದೆ. ಅಣ್ಣ ತಂಗಿಗೆ ಬರೆದುಕೊಟ್ಟ ದಾನಪತ್ರ ಒಂದು ಸಿಕ್ಕರೆ ತವರು, ಗಂಡನ ಮನೆ ಎರಡೂ ಒಂದೇ ಹಾಳೆಯಲ್ಲಿ. ಇನ್ನೂ ಹಿಂದಕ್ಕೆ ಹೋಗುವವರು ನೆನಪಿಡಿ: ನಮ್ಮ ಉತ್ತರ ಕನ್ನಡ ಜಿಲ್ಲೆ 1862ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆಮೇಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತು, ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಆಯಾ ಕಾಲದ ಸರಕಾರಿ ಕಡತಕ್ಕೆ ಆಯಾ ಊರನ್ನೇ ಕೇಳಬೇಕು.

ಮುತ್ತಜ್ಜಿಯ ತವರು ಸಿದ್ದಾಪುರದ ಕಡೆ ಎಂದಷ್ಟೇ ನಮ್ಮ ಮನೆಯಲ್ಲಿ ಹೇಳುತ್ತಾರೆ. ಆ ಕಡೆಯವರು ನಿಮ್ಮ ಮಹಾಲಯದ ಪಟ್ಟಿ ಒಮ್ಮೆ ನೋಡಿ. ಶಿರಸಿ ಕಡೆಗೆ ಕೊಟ್ಟ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಸೋದರತ್ತೆ ಯಾರಾದರೂ ಇದ್ದರೆ ನನಗೊಂದು ಮೆಸೇಜ್ ಹಾಕಿ.